ಎಕ್ಸೆಲ್ ಆಡ್-ಇನ್‌ಗಳು: ಆನ್ ಮಾಡುವುದು, ಆಫ್ ಮಾಡುವುದು, ಹದ್ದುಬಸ್ತಿನಲ್ಲಿಡುವುದು

ಆಡ್-ಇನ್‌ಗೆ, ಅಂದರೆ ಎಕ್ಸೆಲ್‌ಗೆ ಹೊಸ ಸೌಲಭ್ಯ ಸೇರಿಸುವ ಪೂರಕ ಪ್ರೋಗ್ರಾಂಗೆ, ಟಿಕ್ ಹಾಕಿ ಓಕೆ ಒತ್ತಿದರೂ ರಿಬ್ಬನ್‌ನಲ್ಲಿ (ಮೇಲಿನ ಬಟನ್‌ಗಳ ಸಾಲು) ಬಟನ್ ಕಾಣಿಸುವುದಿಲ್ಲ. ನಿನ್ನೆ ಆಫ್ ಮಾಡಿದ ಆಡ್-ಇನ್ ಇವತ್ತು ಮತ್ತೆ ಹಾಜರಾಗಿರುತ್ತದೆ. ಫೈಲನ್ನೇ ಡಿಲೀಟ್ ಮಾಡಿದರೂ ಪಟ್ಟಿಯಲ್ಲಿ ಅದರ ಹೆಸರು ಉಳಿದಿರುತ್ತದೆ. ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಹೆಚ್ಚಿನ ಸಲ ಮೂಲ ಒಂದೇ: ಎಕ್ಸೆಲ್‌ನಲ್ಲಿ ಆಡ್-ಇನ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಜಾತಿಯ ಪ್ರೋಗ್ರಾಂಗಳಿವೆ, ಪ್ರತಿಯೊಂದಕ್ಕೂ ಪ್ರತ್ಯೇಕ ಪಟ್ಟಿಯಿದೆ, ಮತ್ತು ನಾವು ತಪ್ಪು ಪಟ್ಟಿಯಲ್ಲಿ ಹುಡುಕುತ್ತಿರುತ್ತೇವೆ. ಹಾಗಾಗಿ ಟಿಕ್ ಹಾಕುವ ಮೊದಲು ಜಾತಿ ಗುರುತಿಸುವುದು ಮೊದಲ ಕೆಲಸ.

ಯಾವ ಜಾತಿಯ ಆಡ್-ಇನ್?

ಫೈಲ್ → ಆಪ್ಷನ್ಸ್ → ಆಡ್-ಇನ್ಸ್ ತೆರೆಯಿರಿ. ಇಲ್ಲಿನ ಪಟ್ಟಿ ನಾಲ್ಕು ಗುಂಪಾಗಿರುತ್ತದೆ: ಈಗ ಓಡುತ್ತಿರುವವು, ಇನ್‌ಸ್ಟಾಲ್ ಆಗಿದ್ದರೂ ಓಡದೆ ಇರುವವು, ತೆರೆದಿರುವ ಫೈಲಿಗೆ ಸಂಬಂಧಿಸಿದವು, ಮತ್ತು ಎಕ್ಸೆಲ್ ತಾನಾಗಿ ತಡೆಹಿಡಿದಿರುವವು. ಹೆಸರಿನ ಪಕ್ಕದಲ್ಲಿ ಫೈಲ್ ಇರುವ ಜಾಗವೂ ಕೊನೆಯ ಕಾಲಂನಲ್ಲಿ 'ಟೈಪ್' ಕೂಡ ಇರುತ್ತದೆ. ಈ ಟೈಪ್ ಕಾಲಂ ಅನ್ನೇ ನೋಡಬೇಕು. ಬಹಳ ಜನ ಈ ಪರದೆಯಲ್ಲೇ ಟಿಕ್ ಬಾಕ್ಸ್ ಹುಡುಕಿ ಸೋಲುತ್ತಾರೆ, ಇದು ಬರೀ ನೋಡುವ ಪಟ್ಟಿ. ಬದಲಾವಣೆ ಮಾಡಲು ಕೆಳಗಿರುವ 'ಮ್ಯಾನೇಜ್' ಬಾಕ್ಸ್‌ನಲ್ಲಿ ಜಾತಿಯನ್ನು ಆರಿಸಿ 'ಗೋ' ಒತ್ತಬೇಕು.

ಮೊದಲನೆಯದು ಎಕ್ಸೆಲ್ ಆಡ್-ಇನ್. ಇದರ ಫೈಲ್‌ಗಳು ಎಕ್ಸ್‌ಎಲ್‌ಎಎಂ ಎಂದು ಮುಗಿಯುತ್ತವೆ, 2007ಕ್ಕಿಂತ ಹಳೆಯವು ಎಕ್ಸ್‌ಎಲ್‌ಎ ಎಂದು. ಇವು ಮ್ಯಾಕ್ರೋ (ಎಕ್ಸೆಲ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ತುಂಬಿದ, ಶೀಟ್ ಮರೆಮಾಚಿದ ವರ್ಕ್‌ಬುಕ್‌ಗಳೇ. ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಎಕ್ಸ್‌ಎಲ್‌ಎಲ್ ಫೈಲ್‌ಗಳೂ ಇದೇ ಪಟ್ಟಿಗೆ ಸೇರುತ್ತವೆ. ಗುರಿಗೆ ತಕ್ಕ ಉತ್ತರ ಹುಡುಕಿಕೊಡುವ ಸಾಲ್ವರ್, ಅಂಕಿಅಂಶ ವಿಶ್ಲೇಷಣೆಯ ಅನಾಲಿಸಿಸ್ ಟೂಲ್‌ಪ್ಯಾಕ್ ಇರುವುದು ಇಲ್ಲಿ.

ಎರಡನೆಯದು ಕಾಮ್ (COM) ಆಡ್-ಇನ್. ಸೆಟಪ್ ಓಡಿಸಿ ಇನ್‌ಸ್ಟಾಲ್ ಮಾಡುವ ದೊಡ್ಡ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಈ ಜಾತಿಯವು: ಪಿಡಿಎಫ್ ತಯಾರಿಸುವವು, ಅಕೌಂಟಿಂಗ್ ಪ್ಯಾಕೇಜ್‌ಗೆ ಕೊಂಡಿ ಹಾಕುವವು. ಮೈಕ್ರೋಸಾಫ್ಟ್‌ನ ಪವರ್ ಪಿವಟ್ ಮತ್ತು ಇನ್‌ಕ್ವೈರ್ ಕೂಡ ಇದೇ ಗುಂಪಿನವು.

ಮೂರನೆಯದು ಆಫೀಸ್ ಆಡ್-ಇನ್, ಅಂದರೆ ಸ್ಟೋರ್‌ನಿಂದ ಹಾಕಿಕೊಳ್ಳುವ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ವೆಬ್ ಆಡ್-ಇನ್. ಸಾಮಾನ್ಯವಾಗಿ ಬಲಗಡೆ ಒಂದು ಪೇನ್ ಆಗಿ ತೆರೆದುಕೊಳ್ಳುತ್ತದೆ. ಇದಕ್ಕೂ ಮ್ಯಾನೇಜ್ ಬಾಕ್ಸ್‌ಗೂ ಸಂಬಂಧವೇ ಇಲ್ಲ.

ನಾಲ್ಕನೆಯದು ಆಟೋಮೇಶನ್ ಆಡ್-ಇನ್. ಅಪರೂಪದ್ದು, ಎಕ್ಸೆಲ್ ಆಡ್-ಇನ್ಸ್ ಡೈಲಾಗ್‌ನಲ್ಲಿರುವ 'ಆಟೋಮೇಶನ್' ಬಟನ್‌ನಿಂದ ಸೇರಿಸುವಂಥದ್ದು. ಹೆಚ್ಚಿನವರಿಗೆ ಇದು ಎದುರಾಗುವುದೇ ಇಲ್ಲ.

ಸಾಲ್ವರ್, ಟೂಲ್‌ಪ್ಯಾಕ್‌ನಂಥ ಎಕ್ಸೆಲ್ ಆಡ್-ಇನ್ ಆನ್ ಮಾಡುವುದು

ಮೊದಲು ಒಂದು ವರ್ಕ್‌ಬುಕ್ ತೆರೆದಿರಲಿ, ಖಾಲಿಯಾದರೂ ಸರಿ. ಯಾವ ವರ್ಕ್‌ಬುಕ್ಕೂ ತೆರೆಯದಿದ್ದರೆ ಆಡ್-ಇನ್ಸ್ ಬಟನ್ ಮಸುಕಾಗಿ, ಒತ್ತಲು ಬಾರದಂತೆ ಇರಬಹುದು.

1. ಫೈಲ್ → ಆಪ್ಷನ್ಸ್ → ಆಡ್-ಇನ್ಸ್ → ಮ್ಯಾನೇಜ್ ಬಾಕ್ಸ್‌ನಲ್ಲಿ 'ಎಕ್ಸೆಲ್ ಆಡ್-ಇನ್ಸ್' → ಗೋ. ಇಷ್ಟು ಸುತ್ತಬೇಕಿಲ್ಲ ಎನ್ನುವವರು ಆಲ್ಟ್ ಒತ್ತಿ ಬಿಟ್ಟು, ಟಿ, ಬಳಿಕ ಐ ಒತ್ತಲಿ. 2003ರ ಕಾಲದ ಮೆನುವಿನ ಕೀಲಿ ಇವತ್ತಿಗೂ ಕೆಲಸ ಮಾಡುತ್ತದೆ. ಡೆವಲಪರ್ ಟ್ಯಾಬ್ ಇಟ್ಟುಕೊಂಡವರಿಗೆ ಅಲ್ಲೂ ಬಟನ್ ಇದೆ.
2. ಬೇಕಾದ ಹೆಸರಿನ ಮುಂದೆ ಟಿಕ್ ಹಾಕಿ, ಓಕೆ.
3. ಡೇಟಾ ಟ್ಯಾಬ್‌ನ ಬಲತುದಿ ನೋಡಿ. ಟೂಲ್‌ಪ್ಯಾಕ್ ಹಾಕಿದ್ದರೆ 'ಡೇಟಾ ಅನಾಲಿಸಿಸ್', ಸಾಲ್ವರ್ ಹಾಕಿದ್ದರೆ 'ಸಾಲ್ವರ್' ಎಂಬ ಬಟನ್ ಬಂದಿರಬೇಕು.

ಪಟ್ಟಿಯಲ್ಲಿ 'ಅನಾಲಿಸಿಸ್ ಟೂಲ್‌ಪ್ಯಾಕ್' ಮತ್ತು 'ಅನಾಲಿಸಿಸ್ ಟೂಲ್‌ಪ್ಯಾಕ್ - ವಿಬಿಎ' ಎಂದು ಎರಡು ಕಾಣುತ್ತವೆ. ಹಿಸ್ಟೋಗ್ರಾಂ, ರಿಗ್ರೆಶನ್, ಟಿ-ಟೆಸ್ಟ್ ಮಾಡಲು ಮೊದಲನೆಯದೊಂದೇ ಸಾಕು. ಎರಡನೆಯದು ವಿಬಿಎ ಭಾಷೆಯಲ್ಲಿ ಮ್ಯಾಕ್ರೋ ಬರೆಯುವವರಿಗೆ. ಇಒಮಂತ್, ನೆಟ್‌ವರ್ಕ್‌ಡೇಸ್‌ನಂಥ ಫಂಕ್ಷನ್‌ಗಳಿಗಾಗಿ ಟೂಲ್‌ಪ್ಯಾಕ್ ಹಾಕಬೇಕೆಂಬ ಸಲಹೆ ಇನ್ನೂ ಓಡಾಡುತ್ತಿದೆ. 2007ರಿಂದ ಅವೆಲ್ಲ ಎಕ್ಸೆಲ್‌ನ ಒಳಗೇ ಸೇರಿಕೊಂಡಿವೆ, ಅದಕ್ಕಾಗಿ ಏನನ್ನೂ ಆನ್ ಮಾಡಬೇಕಿಲ್ಲ.

ಸಾಲ್ವರ್ ಬಗ್ಗೆ ಒಂದು ಮಾತು. ಎಕ್ಸೆಲ್ ಜೊತೆ ಬರುವ ಈ ಆವೃತ್ತಿ 200 ಬದಲಾಗುವ ಸೆಲ್‌ಗಳನ್ನು ಮಾತ್ರ ಒಪ್ಪುತ್ತದೆ. ಮಾದರಿ ಅದಕ್ಕಿಂತ ದೊಡ್ಡದಾದರೆ ಸಾಲ್ವರ್ ಕೈಯೆತ್ತುತ್ತದೆ, ಆಡ್-ಇನ್ ಕೆಟ್ಟಿದೆ ಎಂದು ಮತ್ತೆ ಮತ್ತೆ ಆನ್-ಆಫ್ ಮಾಡಿ ಪ್ರಯೋಜನವಿಲ್ಲ. ಮ್ಯಾಕ್ರೋದಿಂದ ಸಾಲ್ವರ್ ಕರೆಯುವವರು ಇಲ್ಲಿ ಟಿಕ್ ಹಾಕಿದ ಮೇಲೆ ವಿಬಿಎ ಎಡಿಟರ್‌ನ ಟೂಲ್ಸ್ → ರೆಫರೆನ್ಸಸ್‌ನಲ್ಲೂ ಸಾಲ್ವರ್‌ಗೆ ಟಿಕ್ ಹಾಕಬೇಕು.

ಬೇರೆಡೆಯಿಂದ ಬಂದ ಎಕ್ಸ್‌ಎಲ್‌ಎಎಂ ಫೈಲ್ ಸೇರಿಸುವುದು

ಇಲ್ಲಿ ಎಡವುವವರೇ ಹೆಚ್ಚು. ಮೇಲ್‌ನಲ್ಲಿ ಬಂದ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೇ ಬ್ರೌಸ್ ಮಾಡಿ ಸೇರಿಸುತ್ತಾರೆ. ಟಿಕ್ ಬೀಳುತ್ತದೆ, ರಿಬ್ಬನ್‌ನಲ್ಲಿ ಟ್ಯಾಬ್ ಬರುವುದಿಲ್ಲ, ಎರರ್ ಕೂಡ ಇಲ್ಲ. ಕಾರಣ: ಇಂಟರ್ನೆಟ್‌ನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುಪ್ತ ಗುರುತು ಅಂಟಿಸುತ್ತದೆ. 2016ರ ಜುಲೈನ ಭದ್ರತಾ ಅಪ್‌ಡೇಟ್ ಬಳಿಕ ಎಕ್ಸೆಲ್ ಅಂಥ ಗುರುತಿರುವ ಆಡ್-ಇನ್‌ಗಳನ್ನು ಸದ್ದಿಲ್ಲದೆ ಬದಿಗಿಡುತ್ತದೆ. ಎಕ್ಸ್‌ಎಲ್‌ಎಲ್ ಫೈಲ್‌ಗಳಿಗಂತೂ 2023ರಿಂದ ಇನ್ನೂ ಬಿಗಿ: ಇಂಟರ್ನೆಟ್‌ನಿಂದ ಬಂದ, ನಂಬಿಕೆಯ ಜಾಗದಲ್ಲಿಲ್ಲದ (ಟ್ರಸ್ಟೆಡ್ ಲೊಕೇಶನ್) ಎಕ್ಸ್‌ಎಲ್‌ಎಲ್‌ಗಳನ್ನು ಮೈಕ್ರೋಸಾಫ್ಟ್ 365ರ ಎಕ್ಸೆಲ್ ತಾನಾಗಿಯೇ ತಡೆಯುತ್ತದೆ. ಆ ದಾರಿಯಿಂದ ಮಾಲ್‌ವೇರ್ ನುಗ್ಗಿಸುವುದು ಹೆಚ್ಚಾಗಿತ್ತು.

ಸರಿಯಾದ ಕ್ರಮ ಹೀಗೆ:

1. ಎಕ್ಸೆಲ್ ಪೂರ್ತಿ ಮುಚ್ಚಿ. ಫೈಲಿನ ಮೇಲೆ (ಜಿಪ್‌ನಲ್ಲಿ ಬಂದಿದ್ದರೆ ಬಿಚ್ಚುವ ಮೊದಲೇ ಜಿಪ್‌ನ ಮೇಲೆ) ರೈಟ್ ಕ್ಲಿಕ್ → ಪ್ರಾಪರ್ಟೀಸ್ → ಜನರಲ್ ಟ್ಯಾಬ್‌ನ ಕೆಳಗಿನ 'ಅನ್‌ಬ್ಲಾಕ್'ಗೆ ಟಿಕ್ ಹಾಕಿ ಅಪ್ಲೈ ಮಾಡಿ. ಬಿಚ್ಚಿದ ಮೇಲಾದರೆ ಒಳಗಿನ ಪ್ರತಿ ಫೈಲಿಗೂ ಬೇರೆ ಬೇರೆಯಾಗಿ ಮಾಡಬೇಕಾಗುತ್ತದೆ. ಇದನ್ನು ಮಾಡುವ ಮೊದಲು ಫೈಲ್ ಯಾರಿಂದ ಬಂತು ಎಂಬುದು ಖಚಿತವಿರಲಿ: ಆಡ್-ಇನ್ ನಿಮ್ಮ ಕಂಪ್ಯೂಟರಿನಲ್ಲಿ ನೀವು ಮಾಡಬಲ್ಲದ್ದನ್ನೆಲ್ಲ ಮಾಡಬಲ್ಲದು.
2. ಫೈಲನ್ನು ಆಡ್-ಇನ್ಸ್ ಫೋಲ್ಡರ್‌ಗೆ ಹಾಕಿ. ದಾರಿ: ಬಳಕೆದಾರರ ಫೋಲ್ಡರ್ → ಆಪ್‌ಡೇಟಾ → ರೋಮಿಂಗ್ → ಮೈಕ್ರೋಸಾಫ್ಟ್ → ಆಡ್‌ಇನ್ಸ್. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್, ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿದರೆ ಕಾಣುತ್ತದೆ. ಇನ್ನೂ ಸುಲಭದ ಉಪಾಯ: ಎಕ್ಸೆಲ್ ಆಡ್-ಇನ್ಸ್ ಡೈಲಾಗ್‌ನಲ್ಲಿ ಬ್ರೌಸ್ ಒತ್ತಿದರೆ ಸಾಮಾನ್ಯವಾಗಿ ನೇರ ಇದೇ ಫೋಲ್ಡರ್ ತೆರೆಯುತ್ತದೆ, ಮೇಲಿನ ಪಟ್ಟಿಯಿಂದ ವಿಳಾಸ ಕಾಪಿ ಮಾಡಿಕೊಳ್ಳಬಹುದು.
3. ಎಕ್ಸೆಲ್ ತೆರೆಯಿರಿ, ಆಲ್ಟ್-ಟಿ-ಐ. ಈ ಫೋಲ್ಡರ್‌ನಲ್ಲಿದ್ದರೆ ಬ್ರೌಸ್ ಮಾಡದೆಯೇ ಹೆಸರು ಪಟ್ಟಿಯಲ್ಲಿರುತ್ತದೆ. ಟಿಕ್ ಹಾಕಿ.

ಕಚೇರಿಯಲ್ಲಿ ಎಲ್ಲರೂ ಒಂದೇ ಆಡ್-ಇನ್ ಬಳಸುವುದಾದರೆ ಅದನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು, ಫೈಲನ್ನು ರೀಡ್-ಓನ್ಲಿ ಮಾಡಿ, ಫೈಲ್ → ಆಪ್ಷನ್ಸ್ → ಟ್ರಸ್ಟ್ ಸೆಂಟರ್ → ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್ → ಟ್ರಸ್ಟೆಡ್ ಲೊಕೇಶನ್ಸ್‌ಗೆ ಆ ಫೋಲ್ಡರ್ ಸೇರಿಸಿ. ನೆಟ್‌ವರ್ಕ್ ಜಾಗಕ್ಕೆ ಅದೇ ಪುಟದ ಕೆಳಗೆ ಪ್ರತ್ಯೇಕ ಅನುಮತಿಯ ಟಿಕ್ ಇದೆ. ಸೇರಿಸುವಾಗ ಆಡ್-ಇನ್ ಅನ್ನು ನಿಮ್ಮ ಫೋಲ್ಡರ್‌ಗೆ ಕಾಪಿ ಮಾಡಲೇ ಎಂದು ಎಕ್ಸೆಲ್ ಕೇಳಿದರೆ 'ನೋ' ಎನ್ನಬೇಕು. 'ಯೆಸ್' ಎಂದರೆ ಪ್ರತಿಯೊಬ್ಬರ ಬಳಿ ಒಂದೊಂದು ಪ್ರತಿಯಾಗಿ, ಆಮೇಲೆ ಮೂಲ ಫೈಲನ್ನು ಎಷ್ಟು ತಿದ್ದಿದರೂ ಯಾರಿಗೂ ತಲುಪುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರನ್ನೇ ಟ್ರಸ್ಟೆಡ್ ಲೊಕೇಶನ್ ಮಾಡುವವರೂ ಇದ್ದಾರೆ. ಅದು ಬೇಡವೇ ಬೇಡ.

ಆಫ್ ಮಾಡುವುದು ಬೇರೆ, ತೆಗೆದುಹಾಕುವುದು ಬೇರೆ

ಆಫ್ ಮಾಡಲು ಟಿಕ್ ತೆಗೆದು ಓಕೆ ಒತ್ತಿದರೆ ಮುಗಿಯಿತು. ಫೈಲ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ. ಆದರೆ ಪಟ್ಟಿಯಿಂದಲೇ ಹೆಸರು ಅಳಿಸುವ ಬಟನ್ ಈ ಡೈಲಾಗ್‌ನಲ್ಲಿ ಇಲ್ಲ. ಅದಕ್ಕೆ ಹಿಂಬಾಗಿಲಿನ ದಾರಿ ಹಿಡಿಯಬೇಕು: ಮೊದಲು ಟಿಕ್ ತೆಗೆಯಿರಿ, ಎಕ್ಸೆಲ್ ಮುಚ್ಚಿ, ಫೈಲನ್ನು ಬೇರೆಡೆಗೆ ಸರಿಸಿ ಅಥವಾ ಹೆಸರು ಬದಲಿಸಿ, ಮತ್ತೆ ಎಕ್ಸೆಲ್ ತೆರೆದು ಪಟ್ಟಿಯಲ್ಲಿ ಅದೇ ಹೆಸರಿಗೆ ಟಿಕ್ ಹಾಕಲು ಹೋಗಿ. ಫೈಲ್ ಸಿಗಲಿಲ್ಲ, ಪಟ್ಟಿಯಿಂದ ಅಳಿಸಲೇ ಎಂದು ಕೇಳುತ್ತದೆ. ಯೆಸ್ ಎನ್ನಿ. ಮೊದಲೇ ಟಿಕ್ ತೆಗೆಯದೆ ಫೈಲ್ ಡಿಲೀಟ್ ಮಾಡಿದವರಿಗೆ ಪ್ರತಿ ಸಲ ಎಕ್ಸೆಲ್ ತೆರೆದಾಗಲೂ ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿರುತ್ತದೆ.

ಟಿಕ್ ಇಲ್ಲದಿದ್ದರೂ ಪ್ರತಿ ಸಲ ತೆರೆದುಕೊಳ್ಳುವ ಆಡ್-ಇನ್ ಇದ್ದರೆ ಎಕ್ಸ್‌ಎಲ್‌ಸ್ಟಾರ್ಟ್ ಎಂಬ ಫೋಲ್ಡರ್ ನೋಡಿ. ರೋಮಿಂಗ್ → ಮೈಕ್ರೋಸಾಫ್ಟ್ → ಎಕ್ಸೆಲ್‌ನ ಒಳಗಿರುವ ಈ ಫೋಲ್ಡರ್‌ನಲ್ಲಿ ಏನೇ ಹಾಕಿದರೂ ಎಕ್ಸೆಲ್ ಅದನ್ನು ಯಾವ ಪಟ್ಟಿಯನ್ನೂ ಕೇಳದೆ ತೆರೆಯುತ್ತದೆ. ಪ್ರೋಗ್ರಾಂ ಫೈಲ್ಸ್‌ನ ಆಫೀಸ್ ಫೋಲ್ಡರ್‌ನಲ್ಲಿ ಇದೇ ಹೆಸರಿನ ಇನ್ನೊಂದಿದೆ, ಅದನ್ನೂ ಮರೆಯಬೇಡಿ. ಆಪ್ಷನ್ಸ್ → ಅಡ್ವಾನ್ಸ್ಡ್‌ನಲ್ಲಿ 'ಸ್ಟಾರ್ಟಪ್‌ನಲ್ಲಿ ಈ ಫೋಲ್ಡರ್‌ನ ಎಲ್ಲ ಫೈಲ್ ತೆರೆ' ಎಂಬ ಅರ್ಥದ ಒಂದು ಬಾಕ್ಸ್ ಕೂಡ ಇದೆ. ಅದು ಖಾಲಿಯಿರುವುದೇ ಒಳ್ಳೆಯದು.

ಆಡ್-ಇನ್ ಆಫ್ ಮಾಡುವ ಮೊದಲು ಯೋಚಿಸಬೇಕಾದ ಸಂಗತಿಯೊಂದಿದೆ. ಆ ಆಡ್-ಇನ್ ಕೊಟ್ಟ ಫಂಕ್ಷನ್‌ಗಳನ್ನು ಯಾವುದಾದರೂ ಶೀಟ್ ಬಳಸುತ್ತಿದ್ದರೆ, ಆಫ್ ಮಾಡಿದ ತಕ್ಷಣ ಏನೂ ಆಗದಂತೆ ಕಾಣಬಹುದು. ಫೈಲ್ ಸೇವ್ ಆದಾಗಿನ ಹಳೆಯ ಉತ್ತರವನ್ನೇ ಸೆಲ್ ತೋರಿಸುತ್ತಿರುತ್ತದೆ. ಮುಂದೆ ಎಂದೋ ಅದು ಹೊಸದಾಗಿ ಲೆಕ್ಕ ಹಾಕಬೇಕಾಗಿ ಬಂದಾಗ #ನೇಮ್? ಎಂಬ ಎರರ್ ಏಳುತ್ತದೆ. ಅಷ್ಟರಲ್ಲಿ ವಾರ ಕಳೆದಿರುತ್ತದೆ, ಆಡ್-ಇನ್ ಆಫ್ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಆಫ್ ಮಾಡಿದ ಕೂಡಲೇ ಮುಖ್ಯ ಫೈಲ್‌ಗಳ ಪ್ರತಿ ತೆಗೆದು, ಪ್ರತಿಯನ್ನು ತೆರೆದು ಕಂಟ್ರೋಲ್, ಆಲ್ಟ್, ಎಫ್9 ಒಟ್ಟಿಗೆ ಒತ್ತಿ ಇಡೀ ಲೆಕ್ಕ ಮತ್ತೆ ಮಾಡಿಸಿ ನೋಡಿ. ಇದರ ಸೋದರ ತೊಂದರೆ ಇನ್ನೊಂದು: ಫಾರ್ಮುಲಾದಲ್ಲಿ ಫಂಕ್ಷನ್ ಹೆಸರಿನ ಹಿಂದೆ ಬೇರೆ ಯಾರದೋ ಕಂಪ್ಯೂಟರಿನ ಉದ್ದನೆಯ ಫೋಲ್ಡರ್ ವಿಳಾಸ ಕಾಣಿಸುವುದು. ಆಡ್-ಇನ್ ನಿಮ್ಮಲ್ಲಿ ಬೇರೆ ಜಾಗದಲ್ಲಿದೆ ಎಂದು ಅರ್ಥ. ಡೇಟಾ ಟ್ಯಾಬ್‌ನ ಎಡಿಟ್ ಲಿಂಕ್ಸ್‌ನಲ್ಲಿ (ಹೊಸ ಆವೃತ್ತಿಗಳಲ್ಲಿ ವರ್ಕ್‌ಬುಕ್ ಲಿಂಕ್ಸ್) 'ಚೇಂಜ್ ಸೋರ್ಸ್' ಆರಿಸಿ ನಿಮ್ಮ ಫೈಲನ್ನು ತೋರಿಸಿದರೆ ಸರಿಯಾಗುತ್ತದೆ.

ಕಾಮ್ ಆಡ್-ಇನ್‌ಗಳು

ಮ್ಯಾನೇಜ್ ಬಾಕ್ಸ್‌ನಲ್ಲಿ 'ಕಾಮ್ ಆಡ್-ಇನ್ಸ್' → ಗೋ. ಟಿಕ್ ತೆಗೆದರೆ ಆಫ್, ಹಾಕಿದರೆ ಆನ್. ಪಕ್ಕದಲ್ಲಿರುವ 'ರಿಮೂವ್' ಬಟನ್ ಮುಟ್ಟದಿರುವುದೇ ಕ್ಷೇಮ. ಅದು ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡುವುದಿಲ್ಲ, ಪಟ್ಟಿಯಲ್ಲಿನ ನೋಂದಣಿಯನ್ನಷ್ಟೇ ಅಳಿಸುತ್ತದೆ. ಆಮೇಲೆ ಬೇಕೆಂದರೆ ಸೆಟಪ್ ಮತ್ತೆ ಓಡಿಸುವ ಗತಿ ಬರುತ್ತದೆ. ನಿಜವಾಗಿ ಬೇಡವಾದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ.

ಟಿಕ್ ತೆಗೆಯಲು ಹೋದಾಗ, ಲೋಕಲ್ ಮಷೀನ್‌ನಲ್ಲಿ ನೋಂದಣಿಯಾದ ಆಡ್-ಇನ್‌ನ ಸ್ಥಿತಿ ಬದಲಿಸಲಾಗದು ಎಂಬರ್ಥದ ಸಂದೇಶ ಬಂದರೆ, ಅದನ್ನು ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಸೇರಿಸಿ ಇನ್‌ಸ್ಟಾಲ್ ಮಾಡಲಾಗಿದೆ. ಎಕ್ಸೆಲ್ ಮುಚ್ಚಿ, ಸ್ಟಾರ್ಟ್ ಮೆನುವಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮೂಲಕ ತೆರೆದು ಟಿಕ್ ತೆಗೆಯಿರಿ. ಅಡ್ಮಿನ್ ಅಧಿಕಾರವಿಲ್ಲದಿದ್ದರೆ ಐಟಿ ವಿಭಾಗವೇ ಗತಿ.

ಇದಕ್ಕಿಂತ ತಲೆನೋವಿನದು ಟಿಕ್ ನಿಲ್ಲದಿರುವುದು. ಹಾಕಿ ಓಕೆ ಒತ್ತುತ್ತೀರಿ, ಮತ್ತೆ ತೆರೆದರೆ ಟಿಕ್ ಇಲ್ಲ. ಹೆಸರಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ಡೈಲಾಗ್‌ನ ಕೆಳಭಾಗ ಓದಿ: 'ಲೋಡ್ ಬಿಹೇವಿಯರ್' ಎಂಬಲ್ಲಿ, ಲೋಡ್ ಆಗುವಾಗ ರನ್‌ಟೈಮ್ ಎರರ್ ಬಂತು ಎಂದಿರುತ್ತದೆ. ಆಡ್-ಇನ್ ಏಳುವಾಗಲೇ ಬಿದ್ದರೆ ಎಕ್ಸೆಲ್ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಅದರ ಲೋಡ್‌ಬಿಹೇವಿಯರ್ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸುತ್ತದೆ. 3 ಎಂದರೆ ಪ್ರತಿ ಸಲ ಎಕ್ಸೆಲ್ ಜೊತೆ ಎದ್ದೇಳು, 2 ಎಂದರೆ ತಾನಾಗಿ ಏಳಬೇಡ. ಈ ಸಂಖ್ಯೆಯನ್ನು ಮತ್ತೆ 3 ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬಿದ್ದ ಕಾರಣ ಹಾಗೇ ಉಳಿದಿದ್ದರೆ ಮುಂದಿನ ಸಲ ಎಕ್ಸೆಲ್ ಅದನ್ನು ಮತ್ತೆ 2 ಮಾಡುತ್ತದೆ ಅಷ್ಟೇ. ಕಾರಣಗಳು ಸಾಮಾನ್ಯವಾಗಿ ಎರಡು: ಆಡ್-ಇನ್‌ಗೆ ಬೇಕಾದ ಡಾಟ್‌ನೆಟ್ ಫ್ರೇಮ್‌ವರ್ಕ್ ಅಥವಾ ವಿಎಸ್‌ಟಿಒ ರನ್‌ಟೈಮ್ ಎಂಬ ಮೈಕ್ರೋಸಾಫ್ಟ್‌ನ ಸಹಾಯಕ ಸಾಫ್ಟ್‌ವೇರ್ ಇಲ್ಲದಿರುವುದು, ಇಲ್ಲವೇ 32 ಬಿಟ್ ಮತ್ತು 64 ಬಿಟ್‌ನ ಹೊಂದಾಣಿಕೆ ತಪ್ಪಿರುವುದು. ಫೈಲ್ → ಅಕೌಂಟ್ → ಅಬೌಟ್ ಎಕ್ಸೆಲ್‌ನಲ್ಲಿ ಮೇಲಿನ ಸಾಲಿನ ತುದಿಗೆ ನಿಮ್ಮ ಎಕ್ಸೆಲ್ ಎಷ್ಟು ಬಿಟ್‌ನದು ಎಂದು ಬರೆದಿರುತ್ತದೆ. ವಿಂಡೋಸ್ 64 ಬಿಟ್ ಆಗಿದ್ದರೂ ಎಕ್ಸೆಲ್ 32 ಬಿಟ್ ಇರಬಹುದು, ನೋಡಬೇಕಾದ್ದು ಎಕ್ಸೆಲ್‌ನದನ್ನು. 32 ಬಿಟ್‌ಗೆಂದೇ ಮಾಡಿದ ಎಕ್ಸ್‌ಎಲ್‌ಎಲ್ ಅಥವಾ ಡಿಎಲ್‌ಎಲ್ 64 ಬಿಟ್ ಎಕ್ಸೆಲ್‌ನಲ್ಲಿ ಯಾವ ಉಪಾಯಕ್ಕೂ ಜಗ್ಗುವುದಿಲ್ಲ, ತಯಾರಕರಿಂದ ಸರಿಯಾದ ಆವೃತ್ತಿ ಪಡೆಯಬೇಕು.

ಎಕ್ಸೆಲ್ ತಾನಾಗಿ ತಡೆದಿದ್ದರೆ

ಎಕ್ಸೆಲ್ ಕ್ರ್ಯಾಶ್ ಆದ ಮೇಲೆ ಮುಂದಿನ ಸಲ ತೆರೆದಾಗ, ಈ ಆಡ್-ಇನ್‌ನಿಂದ ಗಂಭೀರ ತೊಂದರೆಯಾಯಿತು, ಡಿಸೇಬಲ್ ಮಾಡಲೇ ಎಂದು ಕೇಳುತ್ತದೆ. ಅವಸರದಲ್ಲಿ ಯೆಸ್ ಒತ್ತಿದರೆ ಆಡ್-ಇನ್ 'ಡಿಸೇಬಲ್ಡ್ ಐಟಮ್ಸ್' ಪಟ್ಟಿಗೆ ಹೋಗುತ್ತದೆ, ಆಮೇಲೆ ಎಲ್ಲೂ ಎಷ್ಟು ಟಿಕ್ ಹಾಕಿದರೂ ಬರುವುದಿಲ್ಲ. ಮ್ಯಾನೇಜ್ ಬಾಕ್ಸ್‌ನಲ್ಲಿ ಡಿಸೇಬಲ್ಡ್ ಐಟಮ್ಸ್ → ಗೋ → ಹೆಸರು ಆರಿಸಿ 'ಎನೇಬಲ್' ಒತ್ತಿ, ಎಕ್ಸೆಲ್ ಮುಚ್ಚಿ ತೆರೆದು, ಮತ್ತೆ ಅದರ ಸ್ವಂತ ಪಟ್ಟಿಗೆ ಹೋಗಿ ಟಿಕ್ ಹಾಕಿ. ಈ ಕೊನೆಯ ಹೆಜ್ಜೆ ಮರೆತೇ ಅನೇಕರು ಎನೇಬಲ್ ಮಾಡಿದರೂ ಆಗಲಿಲ್ಲ ಎನ್ನುವುದು.

ಏನು ಮಾಡಿದರೂ ಯಾವ ಆಡ್-ಇನ್ನೂ ಏಳದಿದ್ದರೆ ಟ್ರಸ್ಟ್ ಸೆಂಟರ್‌ನ ಆಡ್-ಇನ್ಸ್ ಪುಟ ನೋಡಿ. ಮೂರು ಟಿಕ್ ಬಾಕ್ಸ್‌ಗಳಿವೆ. ಮೂರನೆಯದು ಎಲ್ಲವನ್ನೂ ಒಟ್ಟಿಗೆ ಬಂದ್ ಮಾಡುತ್ತದೆ. ಮೊದಲನೆಯದು ಡಿಜಿಟಲ್ ಸಹಿ ಇಲ್ಲದವನ್ನು ತಡೆಯುತ್ತದೆ, ಮನೆಯಲ್ಲೇ ಬರೆದ ಎಕ್ಸ್‌ಎಲ್‌ಎಎಂಗಳಿಗೆ ಸಹಿ ಇರುವುದೇ ಅಪರೂಪ.

ಸ್ಟೋರ್‌ನ ವೆಬ್ ಆಡ್-ಇನ್‌ಗಳು

ಹೋಮ್ ಟ್ಯಾಬ್‌ನ ಬಲಗಡೆ 'ಆಡ್-ಇನ್ಸ್' ಬಟನ್ (ಹಳೆಯ ಆವೃತ್ತಿಯಲ್ಲಿ ಇನ್ಸರ್ಟ್ ಟ್ಯಾಬ್). ಹುಡುಕಿ 'ಆಡ್' ಒತ್ತಿದರೆ ಸಾಕು, ಅಡ್ಮಿನ್ ಅಧಿಕಾರ ಬೇಡ. ತೆಗೆಯಲು 'ಮೈ ಆಡ್-ಇನ್ಸ್'ನಲ್ಲಿ ಹೆಸರಿನ ಪಕ್ಕದ ಮೂರು ಚುಕ್ಕಿ → ರಿಮೂವ್. 'ಅಡ್ಮಿನ್ ಮ್ಯಾನೇಜ್ಡ್' ಅಡಿಯಲ್ಲಿರುವವು ಸಂಸ್ಥೆ ಹಾಕಿದ್ದು, ಅವನ್ನು ನೀವು ತೆಗೆಯಲಾರಿರಿ. ಪೇನ್ ಖಾಲಿಯಾಗಿ ಬಿಳಿಯಾಗಿ ನಿಂತರೆ ಹೆಚ್ಚಾಗಿ ಹಳೆಯ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಮಾಹಿತಿ) ಕಾರಣ: ಟ್ರಸ್ಟ್ ಸೆಂಟರ್ → ಟ್ರಸ್ಟೆಡ್ ಆಡ್-ಇನ್ ಕ್ಯಾಟಲಾಗ್ಸ್ ಪುಟದಲ್ಲಿ, ಮುಂದಿನ ಸಲ ಆಫೀಸ್ ತೆರೆದಾಗ ವೆಬ್ ಆಡ್-ಇನ್‌ಗಳ ಕ್ಯಾಶ್ ಅಳಿಸು ಎಂಬರ್ಥದ ಟಿಕ್ ಇದೆ. ಹಾಕಿ ಎಕ್ಸೆಲ್ ಮುಚ್ಚಿ ತೆರೆಯಿರಿ. ಬ್ರೌಸರ್‌ನಲ್ಲಿ ಓಡುವ ಎಕ್ಸೆಲ್‌ಗೆ ಈ ಜಾತಿಯೊಂದೇ ಒಗ್ಗುವುದು. ಮ್ಯಾಕ್‌ನಲ್ಲಿ ಇವುಗಳ ಜೊತೆ ಎಕ್ಸ್‌ಎಲ್‌ಎಎಂ ಕೂಡ ನಡೆಯುತ್ತದೆ, ಟೂಲ್ಸ್ → ಎಕ್ಸೆಲ್ ಆಡ್-ಇನ್ಸ್ ಅದರ ದಾರಿ. ಕಾಮ್ ಆಡ್-ಇನ್ ಮ್ಯಾಕ್‌ನಲ್ಲಿ ಇಲ್ಲವೇ ಇಲ್ಲ.

ತಪ್ಪಿತಸ್ಥ ಯಾರೆಂದು ಪತ್ತೆ ಮಾಡುವುದು

ಎಕ್ಸೆಲ್ ನಿಧಾನವಾಗಿ ತೆರೆಯುವುದು, ನಡುವೆ ಮುಚ್ಚಿಹೋಗುವುದು ಮಾತ್ರ ಆಡ್-ಇನ್ ಕಾಟವಲ್ಲ. ಕಾಪಿ ಮಾಡಿದ ಕೂಡಲೇ ಸೆಲ್ ಸುತ್ತಲಿನ ಓಡುವ ಗೆರೆ ಮಾಯವಾಗಿ ಪೇಸ್ಟ್ ಆಗದಿರುವುದು, ಅನ್‌ಡೂ ಬಟನ್ ಸದಾ ಮಸುಕಾಗಿರುವುದು ಕೂಡ ಬಹಳ ಸಲ ಅದರ ಕೆಲಸವೇ. ಮ್ಯಾಕ್ರೋ ಒಂದು ಶೀಟಿನಲ್ಲಿ ಏನಾದರೂ ಬದಲಿಸಿದರೆ ಎಕ್ಸೆಲ್ ಅನ್‌ಡೂ ಪಟ್ಟಿಯನ್ನು ಅಳಿಸಿಬಿಡುತ್ತದೆ. ಪ್ರತಿ ಸೆಲ್ ಬದಲಿಸಿದಾಗಲೂ ಓಡುವಂತೆ ಬರೆದ ಆಡ್-ಇನ್ ಇದ್ದರೆ ಅನ್‌ಡೂ ಎಂದಿಗೂ ಉಳಿಯುವುದಿಲ್ಲ.

ಮೊದಲು ಎಕ್ಸೆಲ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆಯಿರಿ: ಕಂಟ್ರೋಲ್ ಒತ್ತಿ ಹಿಡಿದು ಎಕ್ಸೆಲ್ ಐಕಾನ್ ಕ್ಲಿಕ್ ಮಾಡಿ, ಪ್ರಶ್ನೆ ಬರುವವರೆಗೆ ಬೆರಳು ತೆಗೆಯಬೇಡಿ, ಯೆಸ್ ಎನ್ನಿ. ಸೇಫ್ ಮೋಡ್‌ನಲ್ಲೂ ತೊಂದರೆ ಇದ್ದರೆ ಆಡ್-ಇನ್‌ಗಳ ಮೇಲೆ ಅನುಮಾನ ಬೇಡ, ಫೈಲಿನಲ್ಲೋ ಆಫೀಸ್‌ನಲ್ಲೋ ಹುಳುಕಿದೆ. ತೊಂದರೆ ಮಾಯವಾದರೆ ಸಾಮಾನ್ಯ ರೀತಿಯಲ್ಲಿ ತೆರೆದು ಎಲ್ಲ ಪಟ್ಟಿಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈಗಿನ ಸ್ಥಿತಿ ದಾಖಲಾಗದೆ ಟಿಕ್ ತೆಗೆಯಲು ಶುರು ಮಾಡಿದರೆ ಕೊನೆಗೆ ಯಾವುದು ಮೊದಲು ಆನ್ ಇತ್ತು ಎಂಬುದೇ ತಿಳಿಯುವುದಿಲ್ಲ.

ಆಮೇಲೆ ಕಾಮ್ ಆಡ್-ಇನ್‌ಗಳಿಂದ ಆರಂಭಿಸಿ. ಅವು ಎಕ್ಸೆಲ್‌ನ ಹೊಟ್ಟೆಯೊಳಗೇ ಓಡುವುದರಿಂದ ಅವು ಬಿದ್ದರೆ ಎಕ್ಸೆಲ್ಲೂ ಬೀಳುತ್ತದೆ. ಬಳಿಕ ಎಕ್ಸ್‌ಎಲ್‌ಎಲ್, ಎಕ್ಸ್‌ಎಲ್‌ಎಎಂ, ಎಕ್ಸ್‌ಎಲ್‌ಸ್ಟಾರ್ಟ್. ವೆಬ್ ಆಡ್-ಇನ್‌ಗಳು ಬೇರೆಯೇ ಪ್ರೊಸೆಸ್‌ನಲ್ಲಿರುವುದರಿಂದ ಅವನ್ನು ಕೊನೆಗೆ ನೋಡಿದರಾಯಿತು. ಒಂದೊಂದಾಗಿ ಆಫ್ ಮಾಡುವ ಬದಲು ಅರ್ಧಕ್ಕರ್ಧ ಮಾಡಿ: 16 ಇದ್ದರೆ 8 ಆಫ್ ಮಾಡಿ ಎಕ್ಸೆಲ್ ಮುಚ್ಚಿ ತೆರೆಯಿರಿ, ತೊಂದರೆ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ನಾಲ್ಕು ಸುತ್ತಿಗೆ ಒಂದೇ ಹೆಸರು ಉಳಿಯುತ್ತದೆ. ಎರಡು ಆಡ್-ಇನ್‌ಗಳು ತಮ್ಮೊಳಗೆ ಕಿತ್ತಾಡುತ್ತಿದ್ದರೆ ಮಾತ್ರ ಈ ವಿಧಾನ ಗೊಂದಲ ಮಾಡುತ್ತದೆ, ಎರಡೂ ಅರ್ಧಗಳು ಬೇರೆ ಬೇರೆಯಾಗಿ ಸರಿಯಿರುತ್ತವೆ. ಆಗ ಎಲ್ಲವನ್ನೂ ಆಫ್ ಮಾಡಿ ಒಂದೊಂದಾಗಿ ಸೇರಿಸುತ್ತ ಬನ್ನಿ.

ಇನ್ನೊಂದು ಸಂದರ್ಭದಲ್ಲಿ ಹುಡುಕಾಟವೇ ಬೇಕಿಲ್ಲ. ಬೇರೆ ಸಾಫ್ಟ್‌ವೇರ್‌ನಲ್ಲಿ 'ಎಕ್ಸೆಲ್‌ಗೆ ಕಳಿಸು' ಒತ್ತಿದಾಗ ತೆರೆದ ಎಕ್ಸೆಲ್‌ನಲ್ಲಿ ಸಾಲ್ವರ್ ಇಲ್ಲ, ನೀವೇ ತೆರೆದರೆ ಇದೆ ಎಂದಾದರೆ ಏನೂ ಕೆಟ್ಟಿಲ್ಲ. ಇನ್ನೊಂದು ಪ್ರೋಗ್ರಾಂ ಎಬ್ಬಿಸಿದ ಎಕ್ಸೆಲ್ ತನ್ನ ಎಕ್ಸೆಲ್ ಆಡ್-ಇನ್‌ಗಳನ್ನು ಲೋಡ್ ಮಾಡುವುದಿಲ್ಲ. ಫೈಲ್ ಸೇವ್ ಮಾಡಿ, ಮುಚ್ಚಿ, ನೀವೇ ತೆರೆಯಿರಿ, ಅಥವಾ ಆಲ್ಟ್-ಟಿ-ಐನಲ್ಲಿ ಟಿಕ್ ತೆಗೆದು ಓಕೆ, ಮತ್ತೆ ಹಾಕಿ ಓಕೆ.

ಲಿಬ್ರೆಆಫೀಸ್ ಮತ್ತು ಗೂಗಲ್ ಶೀಟ್ಸ್ ಬಳಸುವವರಿಗೆ

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇವನ್ನು ಎಕ್ಸ್‌ಟೆನ್ಷನ್ ಎನ್ನುತ್ತಾರೆ, ಫೈಲ್‌ಗಳು ಒಎಕ್ಸ್‌ಟಿ ಎಂದು ಮುಗಿಯುತ್ತವೆ. ಟೂಲ್ಸ್ ಮೆನುವಿನ ಎಕ್ಸ್‌ಟೆನ್ಷನ್ಸ್‌ನಲ್ಲಿ ಆಡ್, ಡಿಸೇಬಲ್, ರಿಮೂವ್ ಎಲ್ಲವೂ ಒಂದೇ ಜಾಗದಲ್ಲಿ, ಎಕ್ಸೆಲ್‌ಗಿಂತ ಎಷ್ಟೋ ನೇರ. ಸಾಲ್ವರ್ ಅದರೊಳಗೇ ಇದೆ, ಟೂಲ್ಸ್ ಮೆನುವಿನಲ್ಲಿ. ಎಕ್ಸ್‌ಟೆನ್ಷನ್‌ನಿಂದಾಗಿ ಪ್ರೋಗ್ರಾಂ ತೊಂದರೆ ಕೊಡುತ್ತಿದ್ದರೆ ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ ಮರುಪ್ರಾರಂಭಿಸಿ, ಬಳಕೆದಾರರು ಹಾಕಿದ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನು ಒಂದೇ ಟಿಕ್‌ನಲ್ಲಿ ಆಫ್ ಮಾಡಬಹುದು. 2017ರ 5.3 ಆವೃತ್ತಿಯಿಂದ ಈ ಸೌಲಭ್ಯವಿದೆ.

ಗೂಗಲ್ ಶೀಟ್ಸ್‌ನಲ್ಲಿ ಎಕ್ಸ್‌ಟೆನ್ಷನ್ಸ್ → ಆಡ್-ಆನ್ಸ್ → ಗೆಟ್ ಆಡ್-ಆನ್ಸ್‌ನಿಂದ ಹಾಕಿಕೊಳ್ಳಿ, 'ಮ್ಯಾನೇಜ್ ಆಡ್-ಆನ್ಸ್'ನಿಂದ ತೆಗೆಯಿರಿ. ಹಾಕುವಾಗ ಅದು ಕೇಳುವ ಅನುಮತಿಗಳನ್ನು ಓದಿ: ಈ ಒಂದು ಶೀಟ್ ನೋಡುವುದಕ್ಕೂ ನಿಮ್ಮ ಡ್ರೈವ್‌ನ ಎಲ್ಲ ಫೈಲ್ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ತೆಗೆದ ಮೇಲೆ ಗೂಗಲ್ ಅಕೌಂಟ್‌ನ ಸೆಕ್ಯೂರಿಟಿ ಪುಟದಲ್ಲಿ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ತೆರೆದು, ಅಲ್ಲಿ ಅದರ ಹೆಸರು ಇನ್ನೂ ಇದ್ದರೆ ಅನುಮತಿಯನ್ನೂ ಹಿಂದಕ್ಕೆ ಪಡೆಯಿರಿ.